ಪತ್ನಿ ಐದು ತಿಂಗಳ ಗರ್ಭಿಣಿ. ಅವಳೊಂದಿಗೆ ಸೇರಲು ನನಗೆ ಭಯ. ಈ ಭಯ ಸರಿಯೇ?

ಸ್ಕ್ಯಾನಿಂಗ್‌ನಲ್ಲಿ ಎಲ್ಲವೂ ಸರಿಯಿದೆ ಎಂದು ವೈದ್ಯರು ಹೇಳಿದ ಮೇಲೂ, ಮಗುವಿಗೆ ಪೆಟ್ಟಾದೀತೆಂಬ ಅಂಜಿಕೆಯಿಂದ ಪತ್ನಿಯಿಂದ ದೂರ ಉಳಿದಿದ್ದೀರಿ, ಆಕೆ ಹತ್ತಿರ ಬಂದರೆ ನಿದ್ದೆಯ ನೆಪ ಹೇಳುತ್ತಿದ್ದೀರಿ ಎಂದು ಬರೆದಿದ್ದೀರಿ. ನಾನು ವೈದ್ಯೆಯಲ್ಲ. ಎರಡು ಬಾರಿ ಬಸುರಿಯಾದವಳು, ಮೊದಲ ಬಾರಿ ಇಂಥದೇ ನೆಪಗಳನ್ನು ಕೇಳಿಸಿಕೊಂಡವಳು.

ಮೊದಲು ಮಗುವಿನ ವಿಚಾರ. ಮಗು ಗರ್ಭಜಲ ತುಂಬಿದ ಚೀಲದೊಳಗೆ ತೇಲುತ್ತಿರುತ್ತದೆ. ಅದರ ಸುತ್ತ ಗರ್ಭಕೋಶದ ಗಟ್ಟಿ ಸ್ನಾಯುವಿನ ಗೋಡೆಯಿದೆ. ಗರ್ಭಕೋಶದ ಬಾಯಿ ಮುಚ್ಚಿದ್ದು, ಅಂಟಾದ ಲೋಳೆಯೊಂದು ಅದಕ್ಕೆ ಬಿರಡೆಯಂತೆ ಕೂತಿರುತ್ತದೆ. ಸಂಭೋಗದಲ್ಲಿ ಪುರುಷನ ಅಂಗ ಇದನ್ನೆಲ್ಲ ದಾಟಿ ಮಗುವನ್ನು ಮುಟ್ಟುವುದಿಲ್ಲ. ತೊಡಕಿಲ್ಲದ ಗರ್ಭಾವಸ್ಥೆಯಲ್ಲಿ ಸೇರುವುದರಿಂದ ಗರ್ಭಪಾತವೂ ಆಗುವುದಿಲ್ಲ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಹೆಚ್ಚಿನವಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ. ಇದು ತಿಳಿಯದೆ, ಆ ಒಂದು ರಾತ್ರಿಯಿಂದಲೇ ಹೀಗಾಯಿತೆಂದು ವರ್ಷಗಟ್ಟಲೆ ತಮ್ಮನ್ನೇ ದೂಷಿಸಿಕೊಳ್ಳುವ ದಂಪತಿಗಳಿದ್ದಾರೆ.

ಸುಖದ ತುದಿಯಲ್ಲಿ ಹೊಟ್ಟೆ ಗಟ್ಟಿಯಾದಂತಾಗುವುದು ನಿಜ. ಅದು ಗರ್ಭಕೋಶದ ಬಿಗಿತವೇ ಆದರೂ ಸ್ವಲ್ಪ ಹೊತ್ತಿನಲ್ಲಿ ಸಡಿಲಗೊಳ್ಳುತ್ತದೆ, ಹೆರಿಗೆ ನೋವಲ್ಲ. ಗರ್ಭಕಂಠಕ್ಕೆ, ಅಂದರೆ ಗರ್ಭಕೋಶದ ಬಾಯಿಯ ಭಾಗಕ್ಕೆ, ಈ ದಿನಗಳಲ್ಲಿ ರಕ್ತಸಂಚಾರ ಹೆಚ್ಚಿರುವುದರಿಂದ ಸೇರಿದ ಮೇಲೆ ತುಸು ರಕ್ತದ ಕಲೆ ಕಾಣಿಸಬಹುದು. ಅದು ಬಹುಮಟ್ಟಿಗೆ ನಿರುಪದ್ರವಿಯಾದರೂ ವೈದ್ಯರಿಗೆ ಹೇಳಿಬಿಡುವುದು ಒಳ್ಳೆಯದು. ರಕ್ತಸ್ರಾವ ಹೆಚ್ಚಾದರೆ, ನೋವು ಬಿಟ್ಟುಬಿಟ್ಟು ಬರುತ್ತಿದ್ದರೆ, ಅಥವಾ ನೀರು ಹೋದಂತೆ ಅನ್ನಿಸಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬೇಡವೆಂದು ವೈದ್ಯರೇ ಹೇಳುವ ಸಂದರ್ಭಗಳೂ ಇವೆ: ಮಾಸು (ಮಗುವಿಗೆ ಪೋಷಣೆ ಒದಗಿಸುವ ಪ್ಲಸೆಂಟಾ) ಗರ್ಭಕೋಶದ ಬಾಯಿಯನ್ನು ಮುಚ್ಚಿರುವುದು, ಕಾರಣ ತಿಳಿಯದ ರಕ್ತಸ್ರಾವ, ಗರ್ಭಜಲದ ಚೀಲ ಒಡೆದಿರುವುದು, ಗರ್ಭಕಂಠ ದುರ್ಬಲವಾಗಿರುವುದು, ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿರುವುದು. ನನ್ನ ಎರಡನೆಯ ಬಾರಿಯ 20ನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗಿರುವುದು ಕಂಡು, 'ಸದ್ಯಕ್ಕೆ ಸಂಪರ್ಕ ಬೇಡ' ಎಂದು ವೈದ್ಯೆ ಹೇಳಿದರು. ಸಂಪರ್ಕವೆಂದರೆ ಯಾವುದು, ಸಂಭೋಗ ಮಾತ್ರವೋ ಬೇರೆ ಬಗೆಯ ಸುಖವೂ ಸೇರಿತೋ, ಎಷ್ಟು ದಿನ ಎಂದು ನಾನು ಬಿಡದೆ ಕೇಳಿದೆ. ಗರ್ಭಕೋಶ ಬೆಳೆದಂತೆ ಮಾಸು ಮೇಲಕ್ಕೆ ಸರಿಯುವುದೇ ಹೆಚ್ಚು ಎಂದರು. 32ನೆಯ ವಾರದಲ್ಲಿ ನೋಡಿದಾಗ ಸರಿದಿತ್ತು, ನಿರ್ಬಂಧವೂ ಹೋಯಿತು. 'ಬೇಡ' ಎಂಬ ಒಂದೇ ಮಾತನ್ನು ಹಿಡಿದು ಮನೆಗೆ ಬಂದಿದ್ದರೆ ಅಪ್ಪಿಕೊಳ್ಳುವುದಕ್ಕೂ ಹೆದರುತ್ತಿದ್ದೆವು.

ಭಂಗಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹೊಟ್ಟೆಯ ಮೇಲೆ ಭಾರ ಬೀಳಬಾರದು. ಈ ತಿಂಗಳಿನಿಂದಾಚೆಗೆ ಆಕೆ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಬಹುದಾದ್ದರಿಂದ, ಪಕ್ಕಕ್ಕೆ ಮಲಗಿ ಸೇರುವುದು ಅಥವಾ ಆಕೆ ಮೇಲಿರುವುದು ಅನುಕೂಲ. ಯೋನಿಯೊಳಗೆ ಗಾಳಿ ಊದಬಾರದು. ಅಪರೂಪಕ್ಕಾದರೂ ಅದು ರಕ್ತನಾಳ ಸೇರಿ ಪ್ರಾಣಕ್ಕೆ ಅಪಾಯವಾಗಬಲ್ಲದು. ಇಬ್ಬರಲ್ಲಿ ಒಬ್ಬರಿಗೆ ಲೈಂಗಿಕ ಸೋಂಕಿನ ಸಂಶಯವಿದ್ದರೂ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಕಾಂಡೋಮ್ ಬಳಸಿ.

ನನಗೆ ಹೆಚ್ಚು ಹೇಳಬೇಕೆನಿಸುವುದು ನಿಮ್ಮ ನಿದ್ದೆಯ ನೆಪದ ಬಗ್ಗೆ. ಮೊದಲ ಬಸಿರಿನ ಮೂರು ತಿಂಗಳು ವಾಕರಿಕೆ, ಸುಸ್ತುಗಳಿಂದ ನನಗೇ ಏನೂ ಬೇಡವಾಗಿತ್ತು. ಅದು ಕಳೆದು ನಾಲ್ಕು, ಐದನೆಯ ತಿಂಗಳಲ್ಲಿ ಆಸೆ ಮರಳಿತು. ಎಲ್ಲರಿಗೂ ಹೀಗೆಯೇ ಆಗುವುದಿಲ್ಲ, ಆದರೆ ಅನೇಕರಿಗೆ ಆಗುತ್ತದೆ. ಅದೇ ಹೊತ್ತಿಗೆ ನನ್ನ ಪತಿ ಮಂಚದ ಅಂಚಿಗೆ ಸರಿದು ಮಲಗತೊಡಗಿದರು. ಅವರದು ನಿಮ್ಮದೇ ಭಯ, ಆದರೆ ಹೇಳಲಿಲ್ಲ. ಉಬ್ಬಿದ ನನ್ನ ಮೈ ಅವರಿಗೆ ಅಸಹ್ಯವಾಗಿದೆ ಎಂದು ನಾನು ತಿಳಿದೆ; ಕನ್ನಡಿಯೆದುರು ನಿಲ್ಲುವುದನ್ನೂ ಬಿಟ್ಟೆ. ಮಗು ಹುಟ್ಟಿ ಎಷ್ಟೋ ತಿಂಗಳಾದ ಮೇಲೆ ನಿಜ ತಿಳಿದಾಗ ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಭಯ ಹೋಗುವವರೆಗೆ ಸಂಭೋಗ ಬೇಡವೆನಿಸಿದರೆ ನಿಮಗೂ ಬೇಡವೆನ್ನುವ ಹಕ್ಕಿದೆ, ಆಕೆಗಿರುವಷ್ಟೇ. ಆದರೆ ಬೇಡವೆಂದು ಹೇಳಿ, ಏಕೆಂದೂ ಹೇಳಿ, ಬೆನ್ನು ತಿರುಗಿಸದೆ ಅಲ್ಲೇ ಇರಿ. ಬೆನ್ನು ನೀವುವುದಕ್ಕೆ, ಕಾಲು ಒತ್ತುವುದಕ್ಕೆ, ಮುತ್ತಿಡುವುದಕ್ಕೆ ಯಾವ ವೈದ್ಯರ ಅಡ್ಡಿಯೂ ಇಲ್ಲ. ಮುಂದಿನ ತಪಾಸಣೆಗೆ ಇಬ್ಬರೂ ಹೋಗಿ ಈ ಪ್ರಶ್ನೆಯನ್ನು ನೀವೇ ಕೇಳಿ. ಬಾಯಿ ಬಿಟ್ಟು ಕೇಳಲು ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ. ಎರಡನೆಯ ಬಸಿರಿನಲ್ಲಿ ನನ್ನ ಪತಿ ಮಾಡಿದ್ದು ಅದನ್ನೇ.