ಕಾರ್ಟೂನಿಸ್ಟ್ ಡ್ಯಾನ್ ಓನೀಲ್ ಮೇಲೆ ಡಿಸ್ನಿ ಯಾಕೆ ಕೇಸು ಹಾಕಿತು?

ಮಿಕ್ಕಿ ಮೌಸ್‌ನನ್ನು ಬೇಕಂತಲೇ ಬರೆದದ್ದಕ್ಕೆ.

1960ರ ದಶಕದಲ್ಲಿ ಓನೀಲ್ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಗೆ ‘ಆಡ್ ಬಾಡ್ಕಿನ್ಸ್’ ಅನ್ನೋ ಕಾಮಿಕ್ ಸ್ಟ್ರಿಪ್ ಬರೆಯುತ್ತಿದ್ದರು. ಹ್ಯೂ ಅಂತ ಒಬ್ಬ, ಫ್ರೆಡ್ ಅಂತ ಒಂದು ಹಕ್ಕಿ. ಸುತ್ತ ನಾಲ್ಕು ಗೆರೆ, ಒಂದಿಷ್ಟು ಮಾತು, ಉಳಿದದ್ದೆಲ್ಲ ಖಾಲಿ. ನನಗೆ ಆ ಖಾಲಿ ಜಾಗವೇ ತುಂಬ ಇಷ್ಟ.

1971ರಲ್ಲಿ ನಾಲ್ವರು ಗೆಳೆಯರ ಜೊತೆ ‘ಏರ್ ಪೈರೇಟ್ಸ್’ ಕಾಮಿಕ್ಸ್ ತಂದರು. ಅದೇ ದುಂಡು ಕಿವಿ, ಅದೇ ಗೆರೆ. ಆದರೆ ಈ ಮಿಕ್ಕಿ ಡ್ರಗ್ಸ್ ತಗೊಳ್ತಾನೆ, ಪ್ರಣಯಕ್ಕೂ ಇಳಿಯುತ್ತಾನೆ. ಎರಡೇ ಸಂಚಿಕೆ ಬಂತು, ಅಷ್ಟರಲ್ಲಿ ಕೇಸು.

1978ರಲ್ಲಿ ಮೇಲ್ಮನವಿ ಕೋರ್ಟು ಅಣಕವೇ ತಪ್ಪು ಅಂತ ಹೇಳಲಿಲ್ಲ. ಮಿಕ್ಕಿ ಎಲ್ಲರಿಗೂ ಗೊತ್ತಿರೋ ಮುಖ, ನೆನಪಿಸೋಕೆ ಸ್ವಲ್ಪ ಬರೆದರೆ ಸಾಕಿತ್ತು, ನೀವು ಅಗತ್ಯಕ್ಕಿಂತ ಜಾಸ್ತಿ ನಕಲು ಮಾಡಿದ್ದೀರಿ ಅಂದಿತು. ಅಣಕ ಬರೆಯುವವರೆಲ್ಲ ಗಮನಿಸಬೇಕಾದ ಮಾತು ಇದು, ಅಲ್ವಾ?

ಓನೀಲ್ ಸುಮ್ನೆ ಕೂರಲಿಲ್ಲ. 1979ರಲ್ಲಿ ‘ಇಲಿ ವಿಮೋಚನಾ ರಂಗ’ದ ಹೆಸರಲ್ಲಿ ಮತ್ತೆ ಮಿಕ್ಕಿಯನ್ನೇ ಬರೆದರು! ಕೊನೆಗೆ ರಾಜಿ ಆಯಿತು: ಇವರು ಮಿಕ್ಕಿಯನ್ನು ಬರೆಯಬಾರದು, ಡಿಸ್ನಿ ಪರಿಹಾರದ ಹಣ ವಸೂಲಿ ಮಾಡಬಾರದು. ಆಮೇಲೆ ಅವರು ಬಾಳಿದ್ದು ಕ್ಯಾಲಿಫೋರ್ನಿಯಾದ ನೆವಾಡಾ ಸಿಟಿ ಅನ್ನೋ ಹಳೆಯ ಚಿನ್ನದ ಗಣಿ ಊರಲ್ಲಿ.