ಮಗಳು ತನ್ನ ಜಗಳ ತಾನೇ ಬಗೆಹರಿಸಿಕೊಳ್ಳುವ ಹಾಗೆ ಮಾಡುವುದು ಹೇಗೆ?

ಒಂಬತ್ತು ವರ್ಷದ ಮಗಳು ಪ್ರತಿ ಜಗಳಕ್ಕೂ ಓಡಿ ಬರ್ತಾಳೆ, "ನನ್ನ ಹತ್ತಿರ ತರಬೇಡ, ನೀನೇ ನೋಡ್ಕೋ" ಅಂತ ಕಳಿಸಿಬಿಡಲಾ ಎಂದು ಕೇಳಿದ್ದೀರಿ. ಬೇಡ. ಯಾಕೆ ಅಂತ ಹೇಳಬೇಕಾದರೆ ನಾನು ಮಾಡಿದ ಒಂದು ಫೋನಿನ ಕಥೆ ಹೇಳಬೇಕು.

ಮಗ ಆಗ ಐದನೇ ಕ್ಲಾಸು. ರಾತ್ರಿ ಲೈಟ್ ಹಾಕಿಕೊಂಡೇ ಮಲಗುತ್ತಿದ್ದ. ಆ ಗುಟ್ಟನ್ನು ಒಬ್ಬನೇ ಒಬ್ಬ ಗೆಳೆಯನಿಗೆ ಹೇಳಿದ್ದ, ಅವನು ಇಡೀ ಕ್ಲಾಸಿಗೆ ಹೇಳಿಬಿಟ್ಟ. ಸಂಜೆ ಮನೆಗೆ ಬಂದವನು ಹೆಗಲಿಂದ ಬ್ಯಾಗೂ ಇಳಿಸದೆ ಅತ್ತ. ಪೂರ್ತಿ ಹೇಳಿದ. ಹೇಳಿ ಮುಗಿಸಿ ಮುಖ ತೊಳೆದುಕೊಂಡು ಆಡೋಕೆ ಹೋದ.

ಇಲ್ಲಿ ಸ್ವಲ್ಪ ನಿಲ್ಲಿ. ಅವನು ಆಡೋಕೆ ಹೋದ. ನನ್ನನ್ನು ಏನೂ ಕೇಳಿರಲಿಲ್ಲ. ಅವನ ಪಾಲಿಗೆ ಅರ್ಧ ಭಾರ ಆಗಲೇ ಇಳಿದಿತ್ತು. ಉರಿಯುತ್ತಿದ್ದದ್ದು ನನ್ನ ಹೊಟ್ಟೆ. ಅವನ ಕೆಲಸ ಮುಗಿದಲ್ಲಿ ನನ್ನದು ಶುರುವಾಯಿತು.

ಎಂಟೂವರೆಗೆ ಆ ಹುಡುಗನ ಅಮ್ಮನಿಗೆ ಫೋನ್ ಮಾಡಿದೆ. ಜಗಳವೇನೂ ಆಡಲಿಲ್ಲ. ತುಂಬಾ ನಯವಾಗಿ, "ಮಕ್ಕಳು ಅಂದ್ಮೇಲೆ ಇವೆಲ್ಲ ಇದ್ದದ್ದೇ, ಆದರೂ ನಿಮ್ಮ ಕಿವಿಗೆ ಹಾಕೋಣ ಅಂತ" ಅಂದೆ. ಆ ನಯದ ಬಗ್ಗೆ ಎಷ್ಟೋ ದಿನ ನನಗೆ ಹೆಮ್ಮೆ ಇತ್ತು, ನೋಡಿ. ಆಕೆ ಪಾಪ ಮುಜುಗರಪಟ್ಟುಕೊಂಡು ಅಲ್ಲೇ ಮಗನನ್ನು ಕರೆದು ಬೈದರು, "ಸಾರಿ ಹೇಳು" ಅಂತ ಫೋನ್ ಅವನ ಕೈಗೆ ಕೊಟ್ಟರು. ನಾನೂ ನನ್ನ ಮಗನನ್ನು ಕರೆದು ಫೋನ್ ಅವನ ಕಿವಿಗಿಟ್ಟೆ. ಆ ಕಡೆ ಒಂದು ಅಳುವ ದನಿಯ ಸಾರಿ, ಈ ಕಡೆ ಒಂದು "ಹ್ಞೂಂ". ಎಲ್ಲಾ ಸೇರಿ ಮೂರು ನಿಮಿಷ. ಕೆಲಸ ಆಯ್ತು ಅಂದುಕೊಂಡೆ. ಮಗ ಫೋನ್ ವಾಪಸ್ ಕೊಡುವಾಗ ನನ್ನ ಮುಖ ನೋಡಲಿಲ್ಲ. ಅದನ್ನು ನಾಚಿಕೆ ಅಂದುಕೊಂಡೆ.

ಮರುದಿನದಿಂದ ಲೈಟಿನ ವಿಷಯ ಎಲ್ಲರೂ ಮರೆತರು. ಅದರ ಜಾಗಕ್ಕೆ ಹೊಸ ಹೆಸರು ಬಂತು: ಚಾಡಿಕೋರ. ಅದು ಆ ವರ್ಷ ಪೂರ್ತಿ ಇತ್ತು. ಗೆಳೆಯ ಹೋದ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ ಮಗನೇ ಅಂದ, "ನಾನು ಒಂದು ಪ್ಲಾನ್ ಮಾಡಿದ್ದೆ ಕಣಮ್ಮ. ಎರಡು ದಿನ ಅವನ ಪಕ್ಕ ಕೂರಲ್ಲ, ಆಮೇಲೆ ಅವನೇ ಬರ್ತಿದ್ದ. ಯಾವಾಗಲೂ ಹಾಗೇ ಬರೋದು." ಹತ್ತು ವರ್ಷದವನ ಹತ್ತಿರ ಪ್ಲಾನ್ ಇತ್ತು. ನಾನು ಕೇಳಿರಲೇ ಇಲ್ಲ.

ಇಷ್ಟೇ ಆಗಿದ್ದರೆ ಈ ಉತ್ತರ ಬರೆಯುತ್ತಿರಲಿಲ್ಲ. ಏಳನೇ ಕ್ಲಾಸಿನಲ್ಲಿ ಸ್ಕೂಲ್ ಬಸ್ಸಿನಲ್ಲಿ ಇಬ್ಬರು ದೊಡ್ಡ ಹುಡುಗರು ಇವನಿಗೆ ಕಾಟ ಕೊಡೋಕೆ ಶುರು ಮಾಡಿದರು. ಬ್ಯಾಗ್ ಕಿತ್ಕೊಳ್ಳೋದು, ತಲೆಗೆ ಹೊಡೆಯೋದು. ಇವನು ಮೂರು ತಿಂಗಳು ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಬರುತ್ತಿದ್ದ. ನನಗೆ ತಿಳಿದದ್ದು ಡ್ರೈವರ್ ಹೇಳಿದ ಮೇಲೆ. "ಯಾಕೋ ಹೇಳಲಿಲ್ಲ?" ಅಂದೆ.

"ಹೇಳಿದ್ರೆ ನೀನು ಫೋನ್ ಮಾಡ್ತಿದ್ದೆ."

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಮಗಳು ಬಂದು ಹೇಳುವುದು ಒಂದು ವಿಷಯ, ನೀವು ಎದ್ದು ಹೋಗುವುದು ಇನ್ನೊಂದು. ನಿಲ್ಲಿಸಬೇಕಾದ್ದು ಎರಡನೆಯದು. ನೀವು ಮೊದಲನೆಯದನ್ನು ನಿಲ್ಲಿಸಲು ಹೊರಟಿದ್ದೀರಿ. ನಾನು ಫೋನ್ ಮಾಡಿ ಮುಚ್ಚಿದ ಬಾಗಿಲನ್ನು ನೀವು "ನೀನೇ ನೋಡ್ಕೋ" ಅಂತ ಮುಚ್ಚುತ್ತೀರಿ, ಅಷ್ಟೇ ವ್ಯತ್ಯಾಸ.

ಅದಾದ ಮೇಲೆ ನಾನು ಸ್ವಲ್ಪ ಓದಿದೆ. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಎಂಬ ಮೂವರು ಪ್ರಕಟಿಸಿದ ಒಂದು ಅಧ್ಯಯನ ಇದೆ. ಮೂರು, ನಾಲ್ಕು, ಐದು ವರ್ಷದ ಮಕ್ಕಳಿಗೆ ಮರದ ತುಂಡುಗಳನ್ನು ಕೊಟ್ಟು ಪಿರಮಿಡ್ ಜೋಡಿಸಲು ಬಿಟ್ಟರು. ಜೊತೆಗೆ ಹೇಳಿಕೊಡುವವರು ಒಬ್ಬರು ಇದ್ದರು, ಆದರೆ ಆದಷ್ಟು ಮಗುವೇ ಮಾಡಲಿ ಅನ್ನುವುದು ನಿಯಮ. ಮೂರರ ಮಕ್ಕಳನ್ನು ಆಟಕ್ಕೆ ಎಳೆಯುವುದೇ ಒಂದು ಕೆಲಸ. ನಾಲ್ಕರವರಿಗೆ ಎಲ್ಲಿ ತಪ್ಪಿದೆ ಅಂತ ಬಾಯಲ್ಲಿ ಹೇಳಬೇಕು. ಐದರವರಿಗೆ ಬೇಕಾದದ್ದು ಹೆಚ್ಚಾಗಿ "ಹ್ಞಾಂ, ಸರಿಯಾಗಿದೆ" ಅನ್ನುವ ಒಂದು ಮಾತು. ಈ ಥರದ ಸಹಾಯಕ್ಕೆ ಅವರು ಇಟ್ಟ ಹೆಸರು ಕಟ್ಟಡಕ್ಕೆ ಕಟ್ಟುತ್ತಾರಲ್ಲ ಸಾರುವೆ, ಅದು. ಗೋಡೆ ನಿಲ್ಲುವವರೆಗೆ ಇರುತ್ತದೆ, ಆಮೇಲೆ ಬಿಚ್ಚುತ್ತಾರೆ. ಸಾರುವೆಯೇ ಇಲ್ಲದೆ "ಕಟ್ಕೋ ಹೋಗು" ಅಂತ ಯಾರೂ ಅನ್ನಲ್ಲ. ನನ್ನ ಹಾಗೆ ಗೋಡೆಯನ್ನೇ ತಾವು ಕಟ್ಟಿಕೊಡುವವರೂ ಇದ್ದಾರೆ, ಅದು ಬೇರೆ ಮಾತು.

ಈಗ ನಾನು ಮಾಡುವುದು ಇಷ್ಟು. ಅವನು ಹೇಳುತ್ತಿರುವಾಗ ಫೋನನ್ನು ಬೇರೆ ರೂಮಿನಲ್ಲಿ ಇಡುತ್ತೇನೆ. ನಗಬೇಡಿ, ಅದು ನನ್ನ ಕೈಗೆ ಹಾಕಿಕೊಂಡ ಬೇಡಿ. ಹೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ: "ಸುಮ್ನೆ ಕೇಳಿಸ್ಕೊಂಡ್ರೆ ಸಾಕಾ, ಇಲ್ಲ ನಾನೇನಾದ್ರೂ ಮಾಡ್ಬೇಕಾ?" ಹೆಚ್ಚಿನ ಸಲ "ಸುಮ್ನೆ ಕೇಳು" ಅನ್ನುತ್ತಾನೆ. ಕೆಲವು ಸಲ "ನೀನಾಗಿದ್ರೆ ಏನು ಮಾಡ್ತಿದ್ದೆ?" ಅನ್ನುತ್ತಾನೆ. ಆಗಲೂ ಮೊದಲು "ನೀನೇನು ಅಂದ್ಕೊಂಡಿದ್ದೀಯ?" ಅಂತ ಕೇಳಿಯೇ ನನ್ನದು ಹೇಳುವುದು. ಅವನ ಪ್ಲಾನ್ ನನಗೆ ಪೆದ್ದು ಅನ್ನಿಸಿದರೂ ಬಿಡುತ್ತೇನೆ. ಸೋತರೆ ಒಂದು ವಾರದ ಬೇಜಾರು, ಅಷ್ಟೇ ಅಲ್ವಾ.

ಹೊಡೆತ ಬೀಳುತ್ತಿದ್ದರೆ, ಎದುರಿಗಿರುವವರು ವಯಸ್ಸಿನಲ್ಲಿ ದೊಡ್ಡವರಾಗಿದ್ದರೆ, ಯಾರಾದರೂ "ಮನೇಲಿ ಹೇಳಬೇಡ" ಅಂದಿದ್ದರೆ, ಆಗ ಮಗುವಿನ ಮೇಲೆ ಬಿಡುವ ಮಾತೇ ಇಲ್ಲ, ನೀವೇ ಹೋಗಬೇಕು. ಬಸ್ಸಿನ ವಿಷಯಕ್ಕೆ ನಾನು ಹೋದೆ. ಆದರೆ ಆ ಸಲ ಯಾರಿಗೆ ಹೇಳುತ್ತೇನೆ, ಏನು ಹೇಳುತ್ತೇನೆ ಅಂತ ಹಿಂದಿನ ರಾತ್ರಿಯೇ ಅವನಿಗೆ ತಿಳಿಸಿದೆ. ದೂರಿನ ಪತ್ರದಲ್ಲಿ ಎರಡು ಸಾಲು ಹೊಡೆದು ಹಾಕು ಅಂದ, ಹೊಡೆದು ಹಾಕಿದೆ.

ಮತ್ತೆ ಬಾಯಿ ಬಿಡೋಕೆ ಅವನಿಗೆ ಒಂದು ವರ್ಷದ ಮೇಲೆ ಬೇಕಾಯಿತು. ಹೋದ ವಾರ ಗ್ರೂಪ್ ಪ್ರಾಜೆಕ್ಟಿನಲ್ಲಿ ಯಾರೋ ಕೆಲಸ ಮಾಡಲ್ಲ ಅಂತ ಹತ್ತು ನಿಮಿಷ ಒಂದೇ ಸಮನೆ ಹೇಳಿದ. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಕೊನೆಗೆ ತಾನಾಗಿಯೇ "ಸರಿ, ಗೊತ್ತಾಯ್ತು ಬಿಡು" ಅಂತ ಎದ್ದು ಹೋದ. ಏನು ಗೊತ್ತಾಯ್ತೋ, ನನಗೆ ಇನ್ನೂ ಗೊತ್ತಿಲ್ಲ.