ಹೆಂಡ್ತಿ ವೀಸಾ ಬರೋವರೆಗೂ ಅವಳ ಕೆಲಸ ಬಿಡಿಸಬೇಡ ತಮ್ಮಾ

ಅಕ್ಕ ಅಂತ ಕರೆದು ಬರೆದಿದೀಯ, ನನ್ನ ಕೊನೇ ತಮ್ಮನಿಗಿಂತ ಚಿಕ್ಕೋನು ನೀನು, ಅದಕ್ಕೆ ನೀನು ಅಂತಲೇ ಬರೀತೀನಿ, ಬೇಜಾರು ಮಾಡ್ಕೋಬೇಡ. ಇದೇ ಪರಿಸ್ಥಿತೀಲಿ ಇರೋ ಬೇರೆಯೋರಿಗೂ ಅರ್ಥ ಆಗ್ಲಿ ಅಂತ ನಿನ್ನ ವಿಷ್ಯ ಎರಡು ಮಾತಲ್ಲಿ ಹೇಳಿಬಿಡ್ತೀನಿ. ನಿಮ್ಮ ಸೋದರತ್ತೆ ಯಾವ ಕಾಲದಲ್ಲೋ ಹಾಕಿದ್ದ ಅರ್ಜಿ ಮೇಲೆ ಅಪ್ಪ ಅಮ್ಮನ ಜೊತೆ ಗ್ರೀನ್ ಕಾರ್ಡಲ್ಲಿ ಇಲ್ಲಿ ಡೆಟ್ರಾಯ್ಟ್ ಕಡೆ ಬಂದು ಎರಡು ವರ್ಷ ಆಗಿದೆ, ಮೊನ್ನೆ ಊರಿಗೆ ಹೋಗಿ ಕಡೂರಲ್ಲಿ ಮದ್ವೆ ಮಾಡ್ಕೊಂಡು ಬಂದಿದೀಯ, ಹೆಂಡ್ತಿ ಅಲ್ಲೇ ಸಹಕಾರಿ ಬ್ಯಾಂಕಲ್ಲಿ ಕೆಲಸದಲ್ಲಿದಾಳೆ. ಎಷ್ಟು ದಿನ ಆಗುತ್ತೆ, ಏನೇನು ಪೇಪರ್ ಬೇಕು, ಮಧ್ಯದಲ್ಲಿ ವಿಸಿಟರ್ ವೀಸಾ ಹಾಕಿ ಕರೆಸ್ಕೋಬಹುದಾ ಅಂತ ಕೇಳಿದೀಯ. ಕೊನೇಲಿ ಒಂದೇ ಲೈನಲ್ಲಿ, ಹೆಂಗಿದ್ರೂ ಬರೋಳಲ್ವಾ ಕೆಲಸ ಬಿಟ್ಟು ಬೀರೂರಲ್ಲಿ ದೊಡ್ಡಪ್ಪನ ಮನೇಲಿ ಇರಲಿ ಅಂತಿದಾರೆ ಮನೇಲಿ, ನೀವೇನಂತೀರಿ ಅಕ್ಕ, ಅಂತ.

ಮಿಕ್ಕಿದ್ದೆಲ್ಲ ಬೇಗ ಹೇಳಿ ಮುಗಿಸ್ತೀನಿ. ಆ ಕೊನೇ ಲೈನಿಗೋಸ್ಕರನೇ ನಾನು ಇಷ್ಟು ಬರೀತಿರೋದು.

ಮೊದಲು ಐ-130, ಅಂದ್ರೆ ಹೆಂಡ್ತೀನ ಕರೆಸ್ಕೋಳೋಕೆ ನೀನು ಹಾಕೋ ಅರ್ಜಿ. ಅದನ್ನ ಇವತ್ತೇ ಹಾಕು, ಮುಹೂರ್ತ ನೋಡ್ತಾ ಕೂರಬೇಡ, ಯಾಕಂದ್ರೆ ಅದು ಇಲ್ಲಿನ ಇಮಿಗ್ರೇಷನ್ ಆಫೀಸಿನೋರ ಕೈ ಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಕ್ಯೂ ಅಲ್ಲಿಂದ ಶುರು. ಆನ್‌ಲೈನಲ್ಲಿ ಹಾಕಿದ್ರೆ 625 ಡಾಲರ್, ಪೇಪರಲ್ಲಿ ಕಳಿಸಿದ್ರೆ 675, 2024ರ ಏಪ್ರಿಲಿಂದ ಹಿಂಗಾಗಿದೆ. ಜೊತೇಲಿ ಅವಳ ವಿವರದ್ದು ಐ-130ಎ ಅಂತ ಒಂದಿರುತ್ತೆ. ಅದು ಅಪ್ರೂವ್ ಆದ್ಮೇಲೆ ಫೈಲು ಎನ್‌ವಿಸಿಗೆ, ಅಂದ್ರೆ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತೆ, ಅಲ್ಲಿ ವೀಸಾ ಫೀ ಅಂತ 325 ಡಾಲರ್, ಸ್ಪಾನ್ಸರ್ ಪೇಪರಿಗೆ 120 ಕಟ್ಟಬೇಕು, ಅವಳು ಡಿಎಸ್-260 ಅನ್ನೋ ವೀಸಾ ಅರ್ಜಿ ತುಂಬಬೇಕು, ನೀನು ಐ-864 ಕೊಡಬೇಕು, ಅಂದ್ರೆ ಇವಳನ್ನ ಸಾಕೋ ಜವಾಬ್ದಾರಿ ನಂದು ಅಂತ ಬರ್ಕೊಡೋದು, ನಿನ್ನ ಆದಾಯ ಅವರ ಬಡತನ ರೇಖೆಯ 125 ಪರ್ಸೆಂಟ್ ದಾಟಿರಬೇಕು. ಸಾಲದೇ ಹೋದ್ರೆ ಜಾಯಿಂಟ್ ಸ್ಪಾನ್ಸರ್ ಹುಡುಕ್ಕೋ, ಅಪ್ಪನೋ ಸೋದರತ್ತೆನೋ ನಿಲ್ಲಬಹುದು. ಟ್ಯಾಕ್ಸ್ ಮಾತ್ರ ಪ್ರತಿ ವರ್ಷ ಸರಿಯಾಗಿ ಫೈಲ್ ಮಾಡಿರು. ಇಂಟರ್ವ್ಯೂ ಮುಂಬೈ ಕಾನ್ಸುಲೇಟಲ್ಲಿ, ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಲ್ಲಿ. ಮೆಡಿಕಲ್ ಅವರು ಹೇಳಿರೋ ಡಾಕ್ಟರ ಹತ್ರನೇ ಆಗಬೇಕು, ಊರಿನ ಡಾಕ್ಟರು ಬರ್ಕೊಟ್ರೆ ನಡೆಯಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕಡೆಯಿಂದ ತರೋದು. ಇಂಟರ್ವ್ಯೂ ಆದ್ಮೇಲೆ 221ಜಿ ಅಂತ ಚೀಟಿ ಕೊಟ್ರೆ ಅತ್ತುಬಿಡೋದು ಬೇಡ, ಸಾಮಾನ್ಯವಾಗಿ ಯಾವುದೋ ಒಂದು ಪೇಪರ್ ಕೇಳಿರ್ತಾರೆ, ಕೊಟ್ರೆ ಮುಂದೆ ಹೋಗುತ್ತೆ. ವೀಸಾ ಬಂದ್ಮೇಲೆ ಹೊರಡೋ ಮುಂಚೆ 235 ಡಾಲರ್ ಇಮಿಗ್ರಂಟ್ ಫೀ ಆನ್‌ಲೈನಲ್ಲಿ ಕಟ್ಟಬೇಕು, ಕಟ್ಟದೇ ಇದ್ರೆ ಕಾರ್ಡ್ ಮನೆಗೆ ಬರಲ್ಲ. ಅವಳು ಕಾಲಿಡೋ ಹೊತ್ತಿಗೆ ಮದ್ವೆ ಆಗಿ ಎರಡು ವರ್ಷ ಆಗಿರದಿದ್ರೆ ಎರಡೇ ವರ್ಷದ ಕಾರ್ಡ್ ಕೊಡ್ತಾರೆ, ಅದು ಮುಗಿಯೋಕೆ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಐ-751, ಅಂದ್ರೆ ಆ ಎರಡು ವರ್ಷದ ಷರತ್ತು ತೆಗೆಸೋ ಅರ್ಜಿ ಹಾಕಬೇಕು, ಕ್ಯಾಲೆಂಡರಲ್ಲಿ ಕೆಂಪು ಇಂಕಲ್ಲಿ ಗುರುತು ಹಾಕಿಡು.

ಇನ್ನೊಂದು, ನೀನು ಅಪ್ಪನ ಜೊತೆ ಬಂದಿರೋದು ಮದ್ವೆಯಾಗದ ಮಗ ಅಂತ. ಹೊರಡೋ ಮುಂಚೆ ನಿಶ್ಚಿತಾರ್ಥ ಆಗಿದ್ರೆ ಏನೂ ತೊಂದ್ರೆ ಇಲ್ಲ, ಧಾರೆ ಆಗಿದ್ರೆ ನಿನ್ನ ಗ್ರೀನ್ ಕಾರ್ಡಿಗೇ ತೊಂದ್ರೆ. ನಿಂದು ಹಂಗಿಲ್ಲ ಅಂತ ಗೊತ್ತು, ಆದ್ರೂ ಇದನ್ನ ಓದೋರಲ್ಲಿ ಯಾರಾದ್ರೂ ದೇವಸ್ಥಾನದಲ್ಲಿ ಸದ್ದಿಲ್ದೆ ತಾಳಿ ಕಟ್ಟಿ ಆಮೇಲೆ ದೊಡ್ಡದಾಗಿ ಮಾಡಿದ್ರಾಯ್ತು ಅಂತ ಯೋಚಿಸ್ತಿದ್ರೆ ದಯವಿಟ್ಟು ಬೇಡ.

ಪೇಪರ್ ವಿಷ್ಯದಲ್ಲಿ ನಮ್ಮ ಕಡೆಯೋರಿಗೆ ನಿಜವಾಗ್ಲೂ ಕಾಡೋದು ಹೆಸರು. ಅವಳ ಪಾಸ್‌ಪೋರ್ಟ್ ತೆಗೆದು ಮೊದಲು ನೋಡು, ಸರ್‌ನೇಮ್ ಜಾಗ ಖಾಲಿ ಇದೆಯಾ? ನಮ್ಮ ಹೆಣ್ಮಕ್ಕಳಿಗೆ ಊರಿನ ಒಂದಕ್ಷರ ಅಪ್ಪನ ಒಂದಕ್ಷರ ಬಿಟ್ರೆ ಬೇರೆ ಎಲ್ಲಿರುತ್ತೆ. ಖಾಲಿ ಇದ್ರೆ ಅಮೆರಿಕದೋರು ಇರೋ ಒಂದು ಹೆಸರನ್ನ ಸರ್‌ನೇಮಿಗೆ ಹಾಕಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದ್ರೆ ಫಸ್ಟ್ ನೇಮ್ ಅನ್‌ನೋನ್, ಅಂತ ಹೊಡೀತಾರೆ, ವೀಸಾದಲ್ಲಿ ಹಂಗೇ, ಕಾರ್ಡಲ್ಲಿ ಹಂಗೇ, ಆಮೇಲೆ ಬ್ಯಾಂಕಲ್ಲಿ, ಲೈಸೆನ್ಸಲ್ಲಿ, ಡಾಕ್ಟರ ಕ್ಲಿನಿಕ್ಕಲ್ಲಿ ಎಲ್ಲಾ ಕಡೆ ಅದೇ. ನಂದೂ ಹಂಗೇ ಆಗಿತ್ತು. ನಮ್ಮಪ್ಪ ಗೌರಿ ಹಬ್ಬದ ದಿನ ಹುಟ್ಟಿದ ಮಗಳು ಅಂತ ಆಸೆಪಟ್ಟು ಇಟ್ಟ ಹೆಸರು, ಕ್ಲಿನಿಕ್ಕಲ್ಲಿ ಕೂತಿರಬೇಕಾದ್ರೆ ನರ್ಸ್ ಬಾಗಿಲಲ್ಲಿ ನಿಂತು ಫ್ನು ಫ್ನು ಅಂತ ಕೂಗೋಳು, ನನ್ನನ್ನೇ ಕರೀತಿರೋದು ಅಂತ ಗೊತ್ತಾಗೋಕೇ ಸುಮಾರು ದಿನ ಬೇಕಾಯ್ತು. ಸಿಟಿಜನ್ ಆಗೋವಾಗ ಸರಿ ಮಾಡಿಸ್ಕೊಂಡೆ. ನೀನು ಈಗ್ಲೇ ಪಾಸ್‌ಪೋರ್ಟ್ ರೀಇಷ್ಯೂಗೆ ಹಾಕ್ಸಿ ಅಪ್ಪನ ಹೆಸರೋ ನಿನ್ನ ಹೆಸರೋ, ಅವಳಿಗೆ ಯಾವುದು ಇಷ್ಟನೋ ಅದನ್ನ ಸರ್‌ನೇಮಿಗೆ ಹಾಕ್ಸು, ಅವಳನ್ನೇ ಕೇಳು. ಆಮೇಲೆ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಮದ್ವೆ ಸರ್ಟಿಫಿಕೇಟು ಎಲ್ಲ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದಕ್ಷರ ಹೋಲಿಸಿ ನೋಡ್ರಿ. ಲಕ್ಷ್ಮಿನ ಒಬ್ಬ ಗುಮಾಸ್ತ ಒಂಥರ ಬರೆದಿರ್ತಾನೆ ಇನ್ನೊಬ್ಬ ಇನ್ನೊಂಥರ. ಸರಿ ಮಾಡಿಸೋಕೆ ಆಗೋದನ್ನ ಮಾಡಿಸಿ, ಆಗದೇ ಇದ್ದಿದ್ದಕ್ಕೆ ನೋಟರಿ ಹತ್ರ ಎರಡೂ ಒಬ್ಬಳೇ ಅಂತ ಅಫಿಡವಿಟ್.

ಜನನ ಪ್ರಮಾಣಪತ್ರ ಇದೆಯಾ ಕೇಳು. ಮನೇಲೇ ಹೆರಿಗೆ ಆಗಿ ಯಾರೂ ಬರೆಸದೇ ಇದ್ರೆ ಹುಟ್ಟಿದ ದಾಖಲೆ ಲಭ್ಯ ಇಲ್ಲ ಅಂತ ಸರ್ಟಿಫಿಕೇಟ್ ತಗೊಂಡು, ಹುಟ್ಟಿದ್ದು ಗೊತ್ತಿರೋ ಹಿರಿಯರ ಕೈಲಿ ಅಫಿಡವಿಟ್ ಮಾಡಿಸಿ, ಮಾರ್ಕ್ಸ್ ಕಾರ್ಡ್ ಜೊತೆಗಿಡಬೇಕು. ಬರೀ ಕನ್ನಡದಲ್ಲಿರೋದಕ್ಕೆ ಇಂಗ್ಲಿಷ್ ಅನುವಾದ, ಅನುವಾದ ಮಾಡ್ದೋರ ಸಹಿ ಸಮೇತ. ಮದ್ವೆಗೆ ಛತ್ರದ ರಸೀದಿ ದೇವಸ್ಥಾನದ ಚೀಟಿ ಆಗಲ್ಲ, ಸಬ್ ರಿಜಿಸ್ಟ್ರಾರ್ ಕೊಟ್ಟಿರೋ ಸರ್ಟಿಫಿಕೇಟೇ ಆಗ್ಬೇಕು, ಅದಕ್ಕೆ ಲಗ್ನಪತ್ರಿಕೆ ಬೇಕಾಗುತ್ತೆ, ಒಂದು ಎತ್ತಿಟ್ಟಿದೀರ ತಾನೇ.

ವಿಸಿಟರ್ ವೀಸಾ. ಅರ್ಜೀಲೇ ನಿಮ್ಮ ಪರವಾಗಿ ಯಾರಾದ್ರೂ ಇಮಿಗ್ರಂಟ್ ಪಿಟಿಷನ್ ಹಾಕಿದಾರಾ ಅಂತ ಪ್ರಶ್ನೆ ಇದೆ. ಹೌದು ಅಂದ್ರೆ ವಾಪಸ್ ಹೋಗೋಳಲ್ಲ ಅಂತ ರಿಜೆಕ್ಟ್ ಮಾಡೋ ಸಾಧ್ಯತೆನೇ ಜಾಸ್ತಿ, ಇಲ್ಲ ಅಂದ್ರೆ ಸುಳ್ಳು, ಆ ಸುಳ್ಳು ಸಿಕ್ಕಿಬಿದ್ರೆ ಅವಳು ಯಾವತ್ತೂ ಇಲ್ಲಿ ಕಾಲಿಡೋ ಹಂಗಿಲ್ಲ ಅನ್ನೋ ಮಟ್ಟಕ್ಕೆ ಹೋಗುತ್ತೆ. ಯಾವ ಏಜೆಂಟ್ ಏನೇ ಹೇಳ್ಲಿ ಸುಳ್ಳು ಬರೀಬೇಡಿ. ನೀನೇ ಹೋಗ್ಬಾ, ರಜಾ ಸಿಕ್ಕಾಗಲೆಲ್ಲ ಹೋಗ್ಬಾ, ಟಿಕೆಟ್ ದುಡ್ಡು ನೋಡಬೇಡ. ಆದ್ರೆ ಒಂದೇ ಸಲ ಆರು ತಿಂಗಳಿಗಿಂತ ಜಾಸ್ತಿ ಅಲ್ಲಿ ಕೂರಬೇಡ, ನಿನ್ನ ಸಿಟಿಜನ್‌ಶಿಪ್ ಲೆಕ್ಕಕ್ಕೆ ಏಟು ಬೀಳುತ್ತೆ.

ಎಷ್ಟು ದಿನ ಅಂದ್ರೆ, ಇದಕ್ಕೆ ಖಚಿತವಾಗಿ ಇಷ್ಟೇ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಗ್ರೀನ್ ಕಾರ್ಡ್ ಇರೋರ ಹೆಂಡ್ತಿ ಮಕ್ಕಳ ಕ್ಯಾಟಗರಿ ಎಫ್2ಎ, ಅದಕ್ಕೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ, ಯಾವ ಪ್ರಯಾರಿಟಿ ಡೇಟಿನೋರ ಸರದಿ ಬಂದಿದೆ ಅಂತ ಪ್ರತಿ ತಿಂಗಳು ಅಮೆರಿಕ ಸರ್ಕಾರದ ವೀಸಾ ಬುಲೆಟಿನಲ್ಲಿ ಬರುತ್ತೆ. 2019ರ ಜುಲೈಯಿಂದ ಸುಮಾರು ವರ್ಷ ಕರೆಂಟ್ ಅಂತಲೇ ಇತ್ತು, ಕ್ಯೂನೇ ಇರಲಿಲ್ಲ, ಆಗ ಮದ್ವೆ ಆದೋರೆಲ್ಲ ಇದು ಹಿಂಗೇ ಇರುತ್ತೆ ಅನ್ಕೊಂಡ್ರು, 2023ರ ಏಪ್ರಿಲಲ್ಲಿ ದಬಕ್ ಅಂತ ಹಿಂದಕ್ಕೆ ಹೋಯ್ತು. ನೀನು ಬಂದು ಐದು ವರ್ಷ ಆಗೋಕೆ 90 ದಿನ ಮುಂಚೆನೇ ಸಿಟಿಜನ್‌ಶಿಪ್‌ಗೆ ಹಾಕಬಹುದು, ಅಷ್ಟರೊಳಗೆ ಅವಳ ಸರದಿ ಬರದೇ ಇದ್ರೆ ನೀನು ಸಿಟಿಜನ್ ಆದ ತಕ್ಷಣ ತಿಳಿಸಿದ್ರೆ ಅವಳು ಆ ಕ್ಯೂನಿಂದ ಆಚೆ ಬರ್ತಾಳೆ, ಸಿಟಿಜನ್ ಆದೋರ ಹೆಂಡ್ತಿಗೆ ಆ ಮಿತಿ ಇಲ್ಲ. ಆದ್ರೆ ಅಷ್ಟರಲ್ಲಿ ಅಲ್ಲಿ ಮಗು ಆಗಿದ್ರೆ ಆ ಮಗುವಿಗೆ ಬೇರೆ ಐ-130 ಹಾಕಬೇಕು, ಮೊದಲು ಅಮ್ಮನ ಜೊತೇಲೇ ಬರಬಹುದಾಗಿದ್ದ ಮಗು ನೀನು ಸಿಟಿಜನ್ ಆದ್ಮೇಲೆ ಅವಳ ಅರ್ಜೀಲಿ ಬರಲ್ಲ. ನಮ್ಮ ಪರಿಚಯದೋರೊಬ್ಬರಿಗೆ ಇದು ಗೊತ್ತಾಗಿದ್ದು ಇಂಟರ್ವ್ಯೂ ಹತ್ರ ಬಂದಾಗ, ತಾಯಿ ವೀಸಾ ರೆಡಿ, ಮಗೂದು ಇಲ್ಲ.

ಈಗ ಕೊನೇ ಪ್ರಶ್ನೆ.

ನನ್ನ ಮದ್ವೆ ಆಗಿದ್ದು 2002ರಲ್ಲಿ. ನಮ್ಮನೆಯೋರಿಗೆ ಆಗ ಗ್ರೀನ್ ಕಾರ್ಡ್. ನಾನು ಅರಸೀಕೆರೆ ಹತ್ರ ಒಂದು ಹೈಸ್ಕೂಲಲ್ಲಿ ಸೈನ್ಸ್ ಟೀಚರು, ಬಿ.ಎಡ್ ಮುಗಿಸಿ ಸೇರಿದ್ದೆ, ಅನುದಾನಕ್ಕೆ ಒಳಪಡೋ ಪೋಸ್ಟು. ಅಮೆರಿಕಕ್ಕೆ ಹೋಗೋಳಿಗೆ ಈ ಮೇಷ್ಟ್ರು ಕೆಲಸ ಯಾಕೆ ಅಂತ ಎರಡೂ ಮನೆ ಹಿರಿಯರು ಕೂತು ತೀರ್ಮಾನ ಮಾಡಿದ್ರು, ನನ್ನನ್ನ ಕೇಳಲಿಲ್ಲ, ಆಗೆಲ್ಲ ಕೇಳೋ ಪದ್ಧತಿನೂ ಇರಲಿಲ್ಲ. ರಾಜೀನಾಮೆ ಕೊಟ್ಟು ತಿಪಟೂರು ಹತ್ರ ಅತ್ತೆ ಮನೆಗೆ ಹೋದೆ. ಆಗ ಎಫ್2ಎ ಹತ್ತತ್ರ ಐದು ವರ್ಷ ಹಿಂದೆ ಓಡ್ತಿತ್ತು, ಅದು ನಮ್ಮನೆಯೋರಿಗೂ ಸರಿಯಾಗಿ ಗೊತ್ತಿರಲಿಲ್ಲ, ನಮಗಂತೂ ಇಲ್ವೇ ಇಲ್ಲ. ನಾನು ಇಲ್ಲಿ ಬಂದಿಳಿದಿದ್ದು 2008ರ ಜನವರೀಲಿ, ಏರ್‌ಪೋರ್ಟಿಂದ ಆಚೆ ಬಂದ್ರೆ ಹಿಮ, ನಮ್ಮನೆಯೋರು ತಂದಿದ್ದ ಕೋಟು ನಂಗೆ ದೊಡ್ಡದು, ಮದ್ವೆ ಆದಾಗಿನ ಅಳತೆ ನೆನಪಿಟ್ಕೊಂಡು ತಂದಿದ್ರು ಪಾಪ.

ಮಧ್ಯದ ಆ ವರ್ಷಗಳು ಎಂಥವು ಅಂತ ನಿಂಗೆ ಹೇಳಬೇಕು, ಯಾಕಂದ್ರೆ ನೀನು ಗಂಡಸು, ನೀನು ಇಲ್ಲಿ ಶಿಫ್ಟ್ ಮುಗಿಸಿ ಬಂದು ಮಲಗ್ತೀಯ, ನಿಂಗೆ ದಿನ ಹೋಗುತ್ತೆ. ಅವಳಿಗೆ ಹೋಗಲ್ಲ. ಅತ್ತೆ ಮಾವ ಕೆಟ್ಟೋರಲ್ಲ, ನನ್ನನ್ನ ಮಗಳ ಥರನೇ ನೋಡ್ಕೊಂಡ್ರು, ಆದ್ರೂ ಗಂಡ ಇಲ್ಲದ ಗಂಡನ ಮನೇಲಿ ಸೊಸೆಗೆ ಇರೋ ಜಾಗ ಯಾವುದು ಹೇಳು. ತವರಿಗೆ ಹೋಗಿ ಎರಡು ವಾರ ಇದ್ರೆ ಯಾಕೆ ಏನಾದ್ರೂ ಆಯ್ತಾ ಅಂತ ಬೀದಿಯೋರು ಕೇಳೋರು. ಯಾರದ್ದೇ ನಾಮಕರಣ, ಗೃಹಪ್ರವೇಶ, ಬಾಗಿನ ಕೊಡೋಕೆ ಹೋದ ಮನೆ, ಎಲ್ಲಾ ಕಡೆ ಅರಿಶಿನ ಕುಂಕುಮದ ಜೊತೆ ಒಂದೇ ಮಾತು, ಇನ್ನೂ ವೀಸಾ ಬಂದಿಲ್ವಾ. ತಿಂಗಳಿಗೊಂದು ಸಲ ತಿಪಟೂರಿಗೆ ಬಸ್ಸಲ್ಲಿ ಹೋಗಿ ಸೈಬರ್ ಸೆಂಟರಲ್ಲಿ ಆ ಬುಲೆಟಿನ್ ತೆಗೆಸಿ ನೋಡ್ತಿದ್ದೆ, ಎರಡು ವಾರ ಮುಂದೆ ಹೋಗಿರೋದು, ಕೆಲವು ಸಲ ಅಷ್ಟೂ ಇಲ್ಲ. ನನ್ನ ಶಾಲೆಯವರು ನನ್ನ ಜಾಗಕ್ಕೆ ಬೇರೆಯೋರನ್ನ ತಗೊಂಡ್ರು, ಸರಿ ತಾನೇ, ಅವರೇನು ಮಾಡ್ತಾರೆ. ಎಂ.ಎಸ್ಸಿ ಕಟ್ಟಲಾ ಅಂದ್ರೆ ಅರ್ಧಕ್ಕೆ ಬಿಟ್ಟು ಹೋಗೋದು ಆಗುತ್ತೆ ಅಂದ್ರು, ಕಂಪ್ಯೂಟರ್ ಕ್ಲಾಸಿಗೆ ಹೋಗ್ಲಾ ಅಂದ್ರೆ ಅಲ್ಲಿ ಹೋದ್ಮೇಲೆ ಕಲಿತರಾಯ್ತು ಅಂದ್ರು. ಎಲ್ಲದಕ್ಕೂ ಅಲ್ಲಿ ಹೋದ್ಮೇಲೆ. ಆ ಟೈಮಲ್ಲಿ ಒಂದಲ್ಲ ಎರಡು ಡಿಗ್ರಿ ಮುಗೀತಿತ್ತು.

ಇಲ್ಲಿ ಬಂದು ಟೀಚರ್ ಆಗ್ಬೇಕು ಅಂತ ಸರ್ಟಿಫಿಕೇಟ್‌ಗಳನ್ನೆಲ್ಲ ಇವಾಲ್ಯುಯೇಷನ್‌ಗೆ ಕಳಿಸಿದೆ, ಕೆಲಸಕ್ಕೆ ಹೋದ ಕಡೆಯೆಲ್ಲ ಅವರು ಮೊದಲು ಕೇಳಿದ್ದು ಆ ವರ್ಷಗಳಲ್ಲಿ ಏನು ಮಾಡ್ತಿದ್ರಿ ಅಂತ. ವೀಸಾಗೆ ಕಾಯ್ತಿದ್ದೆ ಅಂತ ಹೆಂಗೆ ಹೇಳೋದು. ಡೇಕೇರಲ್ಲಿ ಸೇರಿ, ಮತ್ತೆ ಓದಿ, ಪರೀಕ್ಷೆ ಬರೆದು, ಈಗ ಒಂದು ಪಬ್ಲಿಕ್ ಸ್ಕೂಲಲ್ಲಿ ಮಕ್ಕಳಿಗೆ ಸೈನ್ಸ್ ಹೇಳ್ಕೊಡ್ತೀನಿ, ಭಾನುವಾರ ನಮ್ಮ ಊರಿನ ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸ್ತೀನಿ, ಅದರ ಬಗ್ಗೆ ನಂಗೆ ಹೆಮ್ಮೆ ಇದೆ. ಆದ್ರೆ ನನ್ನ ಜೊತೆ ಬಿ.ಎಡ್ ಮಾಡಿದ ಗೆಳತಿ ಅಲ್ಲಿ ಹೆಡ್‌ಮಿಸ್ ಆಗಿ, ಫೋನ್ ಮಾಡಿದಾಗಲೆಲ್ಲ ಅವಳ ಹಿಂದೆ ಪ್ರಾರ್ಥನೆ ಬೆಲ್ ಕೇಳಿಸಿದ್ರೆ ಇವತ್ತಿಗೂ ನಂಗೆ ಗಂಟಲು ಕಟ್ಟುತ್ತೆ.

ಅದಕ್ಕೆ ಹೇಳ್ತಿರೋದು. ಅವಳು ಕೆಲಸ ಬಿಡಬಾರದು. ವೀಸಾ ಪಾಸ್‌ಪೋರ್ಟಲ್ಲಿ ಅಂಟಿ ಕೈಗೆ ಬರೋವರೆಗೂ ಬಿಡಬಾರದು. ಬಂದ್ಮೇಲೂ ಅದಕ್ಕೆ ತಿಂಗಳುಗಟ್ಟಲೆ ವ್ಯಾಲಿಡಿಟಿ ಇರುತ್ತೆ, ಸಾಮಾನ್ಯವಾಗಿ ಮೆಡಿಕಲ್ ಆದ ದಿನದಿಂದ ಆರು ತಿಂಗಳು, ನೋಟಿಸ್ ಪೀರಿಯಡ್ ಮುಗಿಸಿ ಎಲ್ಲರಿಗೂ ಹೇಳಿ ನಿಧಾನಕ್ಕೆ ಹೊರಡಬಹುದು. ಇಂಟರ್ವ್ಯೂಲೂ ಇದರಿಂದ ಏನೂ ತೊಂದ್ರೆ ಆಗಲ್ಲ, ಅವರು ನೋಡೋದು ಮದ್ವೆ ನಿಜವಾ ಅಂತ, ನೀವಿಬ್ಬರೂ ದಿನಾ ಮಾತಾಡಿರೋ ಕಾಲ್, ಮೆಸೇಜು, ನೀನು ಹೋಗ್ಬಂದ ಟಿಕೆಟ್ಟು, ಎರಡೂ ಮನೆಯೋರು ಇರೋ ಫೋಟೋ, ಅವಳು ನಿನ್ನ ಬಗ್ಗೆ ನೀನು ಅವಳ ಬಗ್ಗೆ ಏನು ಗೊತ್ತು ಮಾಡ್ಕೊಂಡಿದೀರ ಅಂತ. ಹಿರಿಯರು ನೋಡಿ ಮಾಡಿದ ಮದ್ವೆ ಅಂದ್ರೆ ಅಲ್ಲಿ ಕೂತಿರೋರಿಗೆ ಅರ್ಥ ಆಗುತ್ತೆ. ಅವಳು ದೊಡ್ಡಪ್ಪನ ಮನೇಲಿ ಇದ್ರೇನೇ ಸೊಸೆ ಅಂತ ಯಾವ ಫಾರಮ್ಮಲ್ಲೂ ಬರೆದಿಲ್ಲ, ಕಡೂರಲ್ಲಿ ತವರಲ್ಲೇ ಇರಲಿ, ಹಬ್ಬಕ್ಕೆ ಬೀರೂರಿಗೆ ಹೋಗ್ಬರಲಿ, ಎಷ್ಟು ದೂರ ಅದು. ಸಂಬಳ ಅವಳ ಅಕೌಂಟಲ್ಲೇ ಇರಲಿ. ಇಲ್ಲಿಗೆ ಬರೋ ಹೆಣ್ಮಗಳ ಕೈಲಿ ಅವಳದೇ ಅಂತ ಒಂದಿಷ್ಟು ದುಡ್ಡು ಇರಬೇಕು.

ದೊಡ್ಡೋರಿಗೆ ಇದನ್ನ ಹೇಳಬೇಕಾದೋನು ನೀನು, ಅವಳಲ್ಲ. ಅವಳು ಹೇಳಿದ್ರೆ ಎದುರು ಮಾತಾಡಿದಳು ಅಂತಾರೆ, ನೀನು ಹೇಳಿದ್ರೆ ಅಮೆರಿಕದಲ್ಲಿರೋ ಹುಡುಗ ಏನೋ ರೂಲ್ಸ್ ಹೇಳ್ತಿದಾನೆ ಅಂತ ಕೇಳ್ತಾರೆ. ನಿಮ್ಮಪ್ಪ ಅಮ್ಮ ಇಲ್ಲೇ ಇದಾರಲ್ಲ, ಬೇಕಿದ್ರೆ ಅವರ ಹತ್ರ ನಾನೇ ಮಾತಾಡ್ತೀನಿ, ಅವಳ ಹತ್ರನೂ ಮಾತಾಡ್ತೀನಿ, ಶನಿವಾರ ಬೆಳಿಗ್ಗೆ ನಂಗೆ ಬಿಡುವು, ಅಲ್ಲಿ ಸಂಜೆ ಆಗಿರುತ್ತೆ. ಅಲ್ಲೀವರೆಗೂ ರಾಜೀನಾಮೆ ಬರೆದಿದ್ರೂ ಕೊಡೋದು ಬೇಡ ಅಂತ ಇವತ್ತೇ ಫೋನ್ ಮಾಡಿ ಹೇಳಿಬಿಡು.